ನೇತ್ರಾಣಿಯಲ್ಲಿ ಮುಳುಗುವ ಮೊದಲು: ಕಾಸರಗೋಡು ಕಡೆಯಿಂದ ಸ್ಕೂಬಾಕ್ಕೆ ಹೊರಡುವವರಿಗೆ

ಡಿಸೆಂಬರ್ ಬಂತೆಂದರೆ ನಮ್ಮ ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆ ಮನೆ ತುಂಬ ಜನ. ಗಲ್ಫಿನಿಂದ ರಜೆಯಲ್ಲಿ ಬಂದವರು, ಬೆಂಗಳೂರಿನಿಂದ ಬಂದವರು, ಕ್ರಿಸ್ಮಸ್ ರಜೆ ಸಿಕ್ಕಿದ ಮಕ್ಕಳು. ಎಲ್ಲಿಗಾದರೂ ಹೋಗೋಣ ಅಂತ ಮಾತು ಶುರುವಾದರೆ ಈಗ ಯಾರಾದರೊಬ್ಬರು ನೇತ್ರಾಣಿ ದ್ವೀಪದ ಹೆಸರು ಎತ್ತಿಯೇ ಎತ್ತುತ್ತಾರೆ. ಮುರ್ಡೇಶ್ವರದಿಂದ ಬೋಟಿನಲ್ಲಿ ಹೋಗಿ ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಿನಡಿ ಮುಳುಗುವುದು, ಮಾಡಿ ಬರುವುದು. ನಾನು ಮೂರು ಸಲ ಹೋಗಿದ್ದೇನೆ. ಮೊದಲನೇ ಸಲ ಕಿವಿ ಕೆಡಿಸಿಕೊಂಡು ಬಂದೆ, ಉಳಿದ ಎರಡು ಸಲ ಮನಸ್ಸು ತುಂಬಿ ಬಂದೆ. ಎರಡಕ್ಕೂ ನಡುವೆ ಏನು ವ್ಯತ್ಯಾಸ ಅಂತ ನಿಮಗೆ ಹೇಳಬೇಕು ಅನಿಸಿತು, ಯಾಕೆಂದರೆ ಬುಕಿಂಗ್ ಮಾಡುವಾಗ ಇದನ್ನು ಯಾರೂ ಕೂತು ಹೇಳುವುದಿಲ್ಲ.

ಕಡಲು ಮನೆ ಎದುರಿಗೇ ಇರುವಾಗ ಅಷ್ಟು ದೂರ ಎಂತಕ್ಕೆ ಅಂತ ನಮ್ಮ ಅತ್ತೆ ಕೇಳಿದ್ದರು. ಸರಿಯಾದ ಪ್ರಶ್ನೆಯೇ. ನಮ್ಮ ತೀರದಲ್ಲಿ ಹೆಚ್ಚಾಗಿ ಮರಳು, ಅಲೆ ಅದನ್ನು ಕಲಕುತ್ತಲೇ ಇರುತ್ತದೆ, ಸಾಲದ್ದಕ್ಕೆ ಚಂದ್ರಗಿರಿ, ಶಿರಿಯದಂಥ ಹೊಳೆಗಳು ಮಣ್ಣು ತಂದು ಸುರಿಯುತ್ತವೆ. ಎದೆಮಟ್ಟದ ನೀರಿನಲ್ಲಿ ನಮ್ಮ ಕಾಲು ನಮಗೇ ಕಾಣುವುದಿಲ್ಲ. ನೇತ್ರಾಣಿ ತೀರದಿಂದ ಸುಮಾರು 19 ಕಿಲೋಮೀಟರ್ ಒಳಗೆ ಇರುವ ಬಂಡೆಯ ದ್ವೀಪ. ಸುತ್ತಲೂ ಹವಳ, ತಿಳಿ ನೀರು. ಒಳ್ಳೆಯ ದಿನವಾದರೆ ಮನೆಯ ಅಂಗಳದ ಆಚೆ ಬದಿ ಕಾಣುವಷ್ಟು ದೂರ ನೀರಿನಡಿಯಲ್ಲಿ ಕಾಣುತ್ತದೆ. ಆದರೆ ದ್ವೀಪದ ಮೇಲೆ ಹತ್ತುವುದು ಅಂತ ಆಸೆ ಇಟ್ಟುಕೊಳ್ಳಬೇಡಿ. ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಬಳಸಿದ ಜಾಗ ಅದು. ಬೋಟು ಹತ್ತಿರ ಲಂಗರು ಹಾಕುತ್ತದೆ, ನೀವು ಅಲ್ಲಿಂದಲೇ ನೀರಿಗಿಳಿಯುವುದು.

ದಿನ ಆರಿಸುವಾಗ ಎರಡು ಲೆಕ್ಕ ನೋಡಿ. ಒಂದು ಕಡಲಿನದ್ದು. ಅಕ್ಟೋಬರಿನಿಂದ ಮೇವರೆಗೆ ಡೈವಿಂಗ್ ಇರುತ್ತದೆ, ಮಳೆಗಾಲದಲ್ಲಿ ಇಲ್ಲ. ಹಾಗಾಗಿ ನಮ್ಮ ಓಣಂ ರಜೆ ಇದಕ್ಕೆ ಆಗುವುದಿಲ್ಲ, ಕ್ರಿಸ್ಮಸ್ ರಜೆ ಆಗುತ್ತದೆ, ವಿಷುವಿನ ಹೊತ್ತಿಗೂ ಆಗುತ್ತದೆ ಆದರೆ ಬೋಟಿನ ಮೇಲೆ ಬಿಸಿಲು ಸುಡುತ್ತದೆ. ನನ್ನ ಕೇಳಿದರೆ ಡಿಸೆಂಬರಿನಿಂದ ಫೆಬ್ರವರಿ.

ಇನ್ನೊಂದು ಲೆಕ್ಕ ವಿಮಾನದ್ದು. ಗಲ್ಫಿನವರೇ, ಇದನ್ನು ದಯವಿಟ್ಟು ಸರಿಯಾಗಿ ಓದಿ. ರಜೆಯ ಕೊನೆಯ ದಿನಕ್ಕೆ ಸ್ಕೂಬಾ ಇಟ್ಟುಕೊಳ್ಳಬೇಡಿ. ನೀರಿನಡಿಯಲ್ಲಿ ಒತ್ತಡ ಜಾಸ್ತಿ ಇರುವುದರಿಂದ ನಾವು ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಮೈಯೊಳಗೆ ಕರಗಿ ಸೇರುತ್ತದೆ. ಮೇಲೆ ಬಂದ ನಂತರ ಅದು ನಿಧಾನಕ್ಕೆ ಹೊರಗೆ ಹೋಗಬೇಕು. ಅಷ್ಟರಲ್ಲೇ ವಿಮಾನ ಹತ್ತಿದರೆ ಕ್ಯಾಬಿನ್ನಿನಲ್ಲಿ ಒತ್ತಡ ಕಡಿಮೆ, ಆಗ ನೈಟ್ರೋಜನ್ ಗುಳ್ಳೆಗಳಾಗಿ ಕೀಲುಗಳಲ್ಲಿ, ನರಗಳಲ್ಲಿ ತೊಂದರೆ ಕೊಡಬಹುದು. ಒಂದೇ ಡೈವ್ ಮಾಡಿದವರು ಕಡಿಮೆಯೆಂದರೆ 12 ಗಂಟೆ, ಒಂದಕ್ಕಿಂತ ಜಾಸ್ತಿ ಮಾಡಿದವರು 18 ಗಂಟೆ ಕಾಯಬೇಕು ಅನ್ನುವುದು ಡೈವರ್‌ಗಳ ಸುರಕ್ಷತೆ ನೋಡಿಕೊಳ್ಳುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆ. ನಾನು ಎಲ್ಲರಿಗೂ ಒಂದು ಪೂರ್ತಿ ದಿನ ಅಂತಲೇ ಹೇಳುತ್ತೇನೆ. ನಮ್ಮ ಭಾವನಿಗೆ ಮಂಗಳೂರಿನಿಂದ ರಾತ್ರಿಯ ವಿಮಾನ, ಅವತ್ತೇ ಬೆಳಿಗ್ಗೆ ಸ್ಕೂಬಾ ಬುಕ್ ಆಗಿತ್ತು. ಗಲಾಟೆ ಮಾಡಿ ಸ್ಕೂಬಾವನ್ನು ಎರಡು ದಿನ ಮೊದಲಿಗೆ ಹಾಕಿಸಿದೆ. ಘಟ್ಟಕ್ಕೂ ಇದೇ ಮಾತು. ಡೈವ್ ಮುಗಿಸಿ ಅದೇ ದಿನ ಕಾರಿನಲ್ಲಿ ಮಡಿಕೇರಿಗೆ ಹತ್ತುವುದು ಬೇಡ, ಅದು 1,100 ಮೀಟರಿಗಿಂತ ಎತ್ತರದ ಊರು. ಕರಾವಳಿಯ ದಾರಿಯಲ್ಲೇ ಕಾಸರಗೋಡಿಗೆ ವಾಪಸು ಬರುವವರಿಗೆ ಈ ಚಿಂತೆ ಇಲ್ಲ.

ಯಾರ ಹತ್ತಿರ ಬುಕ್ ಮಾಡುವುದು? ಹೆಸರು ಹೇಳುವುದಿಲ್ಲ, ಏನು ಕೇಳಬೇಕು ಅಂತ ಹೇಳುತ್ತೇನೆ. ಫೋನಿನಲ್ಲಿ ರೇಟು ಕೇಳುವ ಮೊದಲು, ನೀರಿನಡಿಯಲ್ಲಿ ಒಬ್ಬ ಇನ್‌ಸ್ಟ್ರಕ್ಟರ್ ಜೊತೆ ಎಷ್ಟು ಜನ ಅಂತ ಕೇಳಿ. ಮೊದಲ ಸಲದವರಿಗೆ ಒಬ್ಬರಿಗೆ ಒಬ್ಬರು ಇರಬೇಕು. ಇನ್‌ಸ್ಟ್ರಕ್ಟರ್‌ಗೆ ಡೈವಿಂಗ್ ತರಬೇತಿ ಕೊಡುವ ಪ್ಯಾಡಿಯಂಥ (PADI) ಸಂಸ್ಥೆಯ ಸರ್ಟಿಫಿಕೇಟ್ ಇದೆಯಾ, ಬೋಟಿನಲ್ಲಿ ಆಕ್ಸಿಜನ್ ಕಿಟ್ ಇದೆಯಾ, ಆಳಕ್ಕೆ ಹೋಗುವ ಮೊದಲು ಮೇಲಿನ ನೀರಿನಲ್ಲಿ ಅಭ್ಯಾಸ ಮಾಡಿಸುತ್ತೀರಾ, ಬೋಟಿನಲ್ಲಿ ಟಾಯ್ಲೆಟ್ ಇದೆಯಾ. ಕೊನೆಯದ್ದನ್ನು ಹೆಂಗಸರು ಕೇಳಲಿಕ್ಕೆ ಸಂಕೋಚ ಪಡುತ್ತಾರೆ, ಕೇಳಿ, ಅರ್ಧ ದಿನದ ವಿಷಯ ಅದು. ಉತ್ತರ ಕೊಡುವಾಗ ರಾಗ ಎಳೆದರೆ ಬೇರೆ ಕಡೆ ನೋಡಿ. ಐನೂರು ರೂಪಾಯಿ ಕಡಿಮೆ ಅಂತ ಹೋಗಬೇಡಿ. ಮಕ್ಕಳಿಗೆ ಕಡಿಮೆಯೆಂದರೆ 10 ವರ್ಷ ಆಗಿರಬೇಕು.

ಹೊರಡುವ ಮೊದಲು ಒಂದು ಆರೋಗ್ಯದ ಫಾರ್ಮ್ ಕೊಡುತ್ತಾರೆ. ಉಬ್ಬಸ, ಹೃದಯದ ತೊಂದರೆ, ಮೂರ್ಛೆ ರೋಗ, ಕಿವಿಯ ಆಪರೇಷನ್, ಗರ್ಭಿಣಿಯಾ ಅಂತೆಲ್ಲ ಅದರಲ್ಲಿ ಇರುತ್ತದೆ. ಸುಮ್ನೆ ಎಲ್ಲದಕ್ಕೂ ಇಲ್ಲ ಅಂತ ಟಿಕ್ ಹಾಕುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾನೂ ಹಾಗೇ ಮಾಡಿದ್ದೆ. ಮೊದಲ ಸಲ ಹೋದಾಗ ನನಗೆ ನೆಗಡಿ ಇತ್ತು, ಜಾಸ್ತಿ ಏನಲ್ಲ, ಮೂಗಿನ ಒಂದು ಬದಿ ಕಟ್ಟಿತ್ತು ಅಷ್ಟೆ. ದುಡ್ಡು ಕೊಟ್ಟಾಗಿದೆ, ಅಷ್ಟು ದೂರ ಬಂದಾಗಿದೆ, ಹೇಳಿದರೆ ಬಿಟ್ಟು ಹೋಗುತ್ತಾರೆ ಅಂತ ಬಾಯಿ ಮುಚ್ಚಿಕೊಂಡೆ. ನೀರಿಗಿಳಿದು ಎರಡಾಳು ಆಳಕ್ಕೆ ಹೋಗುವಾಗ ಎಡಗಿವಿಯೊಳಗೆ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗಾಯಿತು. ಆಗಲೂ ಸನ್ನೆ ಮಾಡಲಿಲ್ಲ. ಮೇಲೆ ಬಂದಾಗ ಮಾಸ್ಕಿನಲ್ಲಿ ಮೂಗಿನ ರಕ್ತ. ಹತ್ತು ದಿನ ಆ ಕಿವಿಯಲ್ಲಿ ಮಾತು ಗೋಡೆಯಾಚೆಯಿಂದ ಬಂದ ಹಾಗೆ ಕೇಳುತ್ತಿತ್ತು. ಕಿವಿಯ ಡಾಕ್ಟರ್ ಬೈದರು, ಸರಿಯಾಗಿಯೇ ಬೈದರು. ನೆಗಡಿ ಇದ್ದರೆ ಹೋಗಬೇಡಿ. ದುಡ್ಡು ಹೋದರೂ ಹೋಗಲಿ.

ಕಿವಿ ಯಾಕೆ ನೋಯುತ್ತದೆ ಅಂತ ತಿಳಿದರೆ ಅರ್ಧ ಭಯ ಹೋಗುತ್ತದೆ. ಬಾವಿಗೆ ಬಿದ್ದ ಕೊಡಪಾನ ತೆಗೆಯಲು ಮುಳುಗಿದವರಿಗೆ ಈ ನೋವು ಗೊತ್ತಿರುತ್ತದೆ. ಮೇಲೆ ನಾವು ಇರುವಾಗ ಇರುವ ಒತ್ತಡ, ಕಡಲಿನಲ್ಲಿ 10 ಮೀಟರ್ ಇಳಿದರೆ ಎರಡು ಪಟ್ಟಾಗುತ್ತದೆ. ಕಿವಿಯ ತಮಟೆಯ ಒಳಬದಿಯಲ್ಲಿ ಇರುವ ಗಾಳಿ ಕುಗ್ಗುತ್ತದೆ, ತಮಟೆ ಒಳಕ್ಕೆ ಜಗ್ಗುತ್ತದೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲನೆ ಊದಿದರೆ ಗಂಟಲಿನ ಹಿಂದಿನ ಸಣ್ಣ ನಾಳದಿಂದ ಗಾಳಿ ಒಳಗೆ ಹೋಗಿ ಸರಿಯಾಗುತ್ತದೆ. ಟಪ್ ಅಂತ ಒಂದು ಸಣ್ಣ ಸದ್ದು ಕೇಳುತ್ತದೆ. ಘಟ್ಟ ಹತ್ತುವ ಬಸ್ಸಿನಲ್ಲಿ ಎಂಜಲು ನುಂಗಿದಾಗ ಆಗುವುದೂ ಇದೇ ಸದ್ದು. ನೆಗಡಿ ಇದ್ದರೆ ಆ ನಾಳ ಕಟ್ಟಿರುತ್ತದೆ, ನನಗಾದದ್ದು ಅದೇ. ನೋವು ಬಂದ ಮೇಲೆ ಊದುವುದಲ್ಲ, ಬರುವ ಮೊದಲೇ ಊದಬೇಕು. ತಲೆ ನೀರಿನೊಳಗೆ ಹೋದ ಕೂಡಲೇ ಒಂದು ಸಲ, ಆಮೇಲೆ ಅರ್ಧ ಮೀಟರಿಗೊಂದು ಸಲ. ಆಗದಿದ್ದರೆ ಸ್ವಲ್ಪ ಮೇಲೆ ಬಂದು ಮತ್ತೆ ಪ್ರಯತ್ನ ಮಾಡಿ. ಜೋರಾಗಿ ಮಾತ್ರ ಊದಬೇಡಿ.

ಎರಡನೇ ಸಲ ಹೋಗುವ ಮೊದಲು ನಾನು ಮನೆಯ ತೋಟದ ಕೆರೆಯಲ್ಲಿ ಒಂದು ವಾರ ಅಭ್ಯಾಸ ಮಾಡಿದೆ. ಸಾಧಾರಣ ಮಾಸ್ಕ್, ಬಾಯಲ್ಲಿ ಕಚ್ಚಿ ಉಸಿರಾಡುವ ಸ್ನಾರ್ಕೆಲ್ ಕೊಳವೆ ತಂದೆ. ಮೆಟ್ಟಿಲ ಮೇಲೆ ಕೂತು ಮುಖ ಮಾತ್ರ ನೀರಿಗೆ ಹಾಕಿ ಬಾಯಲ್ಲಿ ಉಸಿರಾಡುವುದು, ಅಷ್ಟೆ. ಮುಖ ನೀರಿನಲ್ಲಿ ಇರುವಾಗ ಉಸಿರಾಡಬೇಡ ಅಂತ ಮೈ ಹೇಳುತ್ತದೆ. ಆ ಹಠ ಬಿಡಿಸಲು ನನಗೆ ಮೂರು ಸಂಜೆ ಬೇಕಾಯಿತು. ಈಜು ಬರದವರನ್ನೂ ಇವರು ಕರೆದುಕೊಂಡು ಹೋಗುತ್ತಾರೆ, ತೊಂದರೆ ಇಲ್ಲ. ಆದರೆ ಈ ಬಾಯಿ ಉಸಿರಿನ ಅಭ್ಯಾಸ ಎಲ್ಲರೂ ಮಾಡಿ. ಕೆರೆ ಇಲ್ಲದವರು ಬಕೆಟ್ಟಿನಲ್ಲಾದರೂ ಮಾಡಿ. ಯಾರಾದರೊಬ್ಬರು ಪಕ್ಕದಲ್ಲಿ ಇರಲಿ.

ಬೋಟು ಬೆಳಿಗ್ಗೆಯೇ ಹೊರಡುವುದರಿಂದ ಹಿಂದಿನ ದಿನವೇ ಮುರ್ಡೇಶ್ವರ ತಲುಪಬೇಕು. ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರ್, ಬಸ್ಸಿಗೆ ಕೊರತೆ ಇಲ್ಲ. ಅಲ್ಲಿಂದ ಮತ್ಸ್ಯಗಂಧ ರೈಲು ಹಿಡಿದರೆ ಮುರ್ಡೇಶ್ವರದಲ್ಲೇ ಇಳಿಯಬಹುದು. ಕಾರಾದರೆ ಮನೆಯಿಂದ ಅಲ್ಲಿವರೆಗೆ ಒಂದೇ ಹೆದ್ದಾರಿ, 66. ರಾತ್ರಿ ಬೇಗ ಮಲಗಿ. ಕುಡಿಯುವ ಅಭ್ಯಾಸ ಇರುವವರು ಆ ಒಂದು ರಾತ್ರಿ ಬಿಡಿ. ಕುಡಿದು ಬಂದವರನ್ನು ನೀರಿಗೆ ಬಿಡುವ ಇನ್‌ಸ್ಟ್ರಕ್ಟರ್ ನಂಬಲಿಕ್ಕೆ ಯೋಗ್ಯನಲ್ಲ.

ಬೆಳಿಗ್ಗೆ ಎರಡು ಇಡ್ಲಿ ತಿನ್ನಿ. ಖಾಲಿ ಹೊಟ್ಟೆಯಲ್ಲಿ ಹೋದರೂ ವಾಂತಿ ಬರುತ್ತದೆ, ಬನ್ಸ್, ಗೋಳಿಬಜೆ ತಿಂದು ಹೋದರೂ ಬರುತ್ತದೆ. ಬಸ್ಸಿನಲ್ಲಿ ವಾಂತಿ ಆಗುವವರಿಗೆ ಬೋಟಿನಲ್ಲಿ ಆಗಿಯೇ ಆಗುತ್ತದೆ, ಅವರು ಮೊದಲೇ ಡಾಕ್ಟರನ್ನು ಕೇಳಿ, ನಿದ್ದೆ ತರದ ಮಾತ್ರೆ ತೆಗೆದುಕೊಂಡು, ಹೊರಡುವ ಒಂದು ಗಂಟೆ ಮೊದಲು ನುಂಗಿ. ಬೋಟಿನಲ್ಲಿ ಹಿಂದೆ, ನಡುವಿನಲ್ಲಿ ಕೂತರೆ ಕುಲುಕಾಟ ಕಡಿಮೆ. ಮೊಬೈಲ್ ನೋಡಬೇಡಿ. ದೂರದ ಒಂದು ವಸ್ತುವಿನ ಮೇಲೆ ಕಣ್ಣಿಡಿ. ಅದಕ್ಕೆ ಅಲ್ಲಿ ಶಿವನೇ ಇದ್ದಾನೆ. 123 ಅಡಿಯ ಆ ಮೂರ್ತಿ ಬೋಟು ಮುಂದೆ ಹೋದ ಹಾಗೆ ಬೆರಳಷ್ಟಾಗಿ, ಉಗುರಷ್ಟಾಗಿ, ಕೊನೆಗೆ ಗುಡ್ಡದ ಬಣ್ಣದಲ್ಲಿ ಸೇರಿಹೋಗುತ್ತದೆ. ಒಂದು, ಒಂದೂವರೆ ಗಂಟೆಯ ದಾರಿ.

ಬೋಟಿನಲ್ಲಿ ಸಾಮಾನು ಕಟ್ಟುವಾಗ ಗಮನ ಇಟ್ಟು ನೋಡಿ. ಬೆನ್ನಿಗೆ ಹಾಕುವುದನ್ನು ನಾವೆಲ್ಲ ಆಕ್ಸಿಜನ್ ಸಿಲಿಂಡರ್ ಅನ್ನುತ್ತೇವೆ, ಅದರಲ್ಲಿ ಇರುವುದು ನಾವು ದಿನಾ ಉಸಿರಾಡುವ ಗಾಳಿಯೇ, ಒತ್ತಿ ತುಂಬಿಸಿದ್ದು. ಮೀಟರಿನಲ್ಲಿ ಗಾಳಿಯ ಒತ್ತಡ 200 ಬಾರ್ ಹತ್ತಿರ ಇರಬೇಕು, ನೋಡಿಕೊಳ್ಳಿ. ಭಾರ ಅಂತ ಹೆದರಬೇಡಿ, ನೀರಿಗೆ ಬಿದ್ದ ಮೇಲೆ ಗೊತ್ತೇ ಆಗುವುದಿಲ್ಲ. ಮಾಸ್ಕಿನ ಅಂಚಿನಡಿ ಕೂದಲು ಸಿಕ್ಕಬಾರದು, ಒಂದೆಳೆ ಇದ್ದರೂ ನೀರು ಬರುತ್ತದೆ. ಮೀಸೆ ದಪ್ಪ ಇರುವವರಿಗೂ ಇದೇ ಕಷ್ಟ.

ಸನ್ನೆಗಳಲ್ಲಿ ಒಂದನ್ನು ಮಾತ್ರ ನಾನು ಒತ್ತಿ ಹೇಳುತ್ತೇನೆ. ಹೆಬ್ಬೆರಳು ಎತ್ತಿ ತೋರಿಸಿದರೆ ಅಲ್ಲಿ ‘ಚೆನ್ನಾಗಿದೆ’ ಅಂತ ಅರ್ಥ ಅಲ್ಲ, ‘ಮೇಲೆ ಹೋಗೋಣ’ ಅಂತ ಅರ್ಥ. ನಮ್ಮ ಅಳಿಯ ಹುಡುಗ ಮೀನು ಕಂಡ ಖುಷಿಗೆ ಹೆಬ್ಬೆರಳು ಎತ್ತಿದ, ಇನ್‌ಸ್ಟ್ರಕ್ಟರ್ ಅವನನ್ನು ಮೇಲೆ ಕರೆತಂದರು. ಅವರದ್ದೇನೂ ತಪ್ಪಿಲ್ಲ. ಸರಿ ಇದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ತೊಂದರೆ ಅನ್ನಲು ಅಂಗೈ ಅಡ್ಡ ಹಿಡಿದು ಅಲ್ಲಾಡಿಸಿ, ಆಮೇಲೆ ತೊಂದರೆ ಇರುವ ಜಾಗ ತೋರಿಸಿ.

ನೀರಿನಡಿಯಲ್ಲಿ ಉಸಿರು ಹಿಡಿಯಲೇ ಬಾರದು. ಇದು ಎಲ್ಲಕ್ಕಿಂತ ದೊಡ್ಡ ನಿಯಮ. ಆಳದಲ್ಲಿ ಎಳೆದ ಗಾಳಿ ಮೇಲೆ ಬರುವಾಗ ಹಿಗ್ಗುತ್ತದೆ, ಉಸಿರು ಕಟ್ಟಿ ಮೇಲೆ ಬಂದರೆ ಶ್ವಾಸಕೋಶಕ್ಕೇ ಪೆಟ್ಟು. ಉದ್ದಕ್ಕೆ ಎಳೆಯಿರಿ, ಉದ್ದಕ್ಕೆ ಬಿಡಿ, ಗುಳ್ಳೆಗಳ ಸದ್ದು ನಿಮಗೇ ಕೇಳಬೇಕು. ಗಾಬರಿ ಆದರೂ ಒಮ್ಮೆಲೇ ಮೇಲಕ್ಕೆ ಓಡಬೇಡಿ, ಇನ್‌ಸ್ಟ್ರಕ್ಟರ್ ಕೈ ಹಿಡಿದು ಕಣ್ಣು ನೋಡಿ, ಉಸಿರು ಬಿಡುತ್ತಾ ನಿಧಾನಕ್ಕೆ ಬನ್ನಿ. ಮೊದಲ ಸಲದವರನ್ನು 12 ಮೀಟರಿಗಿಂತ ಕೆಳಗೆ ಒಯ್ಯಬಾರದು, ನೋಡಲಿಕ್ಕೆ ಅಷ್ಟು ಆಳ ಬೇಕಾಗಿಯೂ ಇಲ್ಲ.

ಕಿವಿ ಸರಿ ಇದ್ದು, ಉಸಿರು ಹದಕ್ಕೆ ಬಂದ ಮೇಲೆ ನೋಡಿ, ಆಗ ಕಣ್ಣಿಗೆ ಕೆಲಸ. ನನಗೆ ಮರೆಯಲಾಗದ್ದು ಒಂದು ಗಿಳಿಮೀನು. ಗಿಳಿಯ ಕೊಕ್ಕಿನಂಥ ಬಾಯಿ, ಹಸಿರು ನೀಲಿ ಮೈ. ಬಂಡೆಗೆ ಬಾಯಿ ಹಾಕಿ ಕಚ್ಚುತ್ತಿತ್ತು, ಆ ಸದ್ದು ನೀರಿನಲ್ಲಿ ಸ್ಪಷ್ಟವಾಗಿ ಕೇಳಿತು. ಅಜ್ಜ ಜಗಲಿಯಲ್ಲಿ ಕೂತು ಅಡಕತ್ತರಿಯಲ್ಲಿ ಅಡಿಕೆ ತುಂಡು ಮಾಡುವ ಅದೇ ಸದ್ದು. ಬಂಡೆಯ ಸಂದಿಯಲ್ಲಿ ಒಂದು ದೊಡ್ಡ ಮುರು ಮೀನು ಬಾಯಿ ತೆರೆದು ಮುಚ್ಚಿ ನಮ್ಮನ್ನೇ ನೋಡುತ್ತಿತ್ತು. ಮಾರ್ಕೆಟಿನ ಐಸಿನ ಮೇಲೆ ಮಾತ್ರ ನೋಡಿದ್ದ ಮೀನನ್ನು ಅದರ ಮನೆಯಲ್ಲೇ ನೋಡುವುದೆಂದರೆ ಬೇರೆಯೇ. ಇನ್ನೊಂದು, ನನ್ನ ಕೈಗೆ ದೇವಸ್ಥಾನದ ಕೆಂಪು ದಾರ ಕಟ್ಟಿತ್ತು. ಕೆಳಗೆ ಹೋದಾಗ ಅದು ಕಂದು ಬಣ್ಣಕ್ಕೆ ತಿರುಗಿತ್ತು. ಇನ್‌ಸ್ಟ್ರಕ್ಟರ್ ಟಾರ್ಚ್ ಹಾಕಿದರು, ಒಮ್ಮೆಲೇ ಕೆಂಪು. ನೀರು ಮೊದಲು ನುಂಗುವುದು ಕೆಂಪು ಬೆಳಕನ್ನು, ಅದಕ್ಕೇ ಹಾಗೆ. ಟಾರ್ಚ್ ಇದ್ದರೆ ಒಮ್ಮೆ ಹಾಕಲು ಕೇಳಿ.

ಏನನ್ನೂ ಮುಟ್ಟಬೇಡಿ. ಹವಳ ಕಲ್ಲಿನ ಹಾಗೆ ಕಂಡರೂ ಜೀವ ಇರುವಂಥದ್ದು, ಕಾಲಿನ ಫಿನ್ ತಾಗಿದರೂ ಮುರಿಯುತ್ತದೆ. ಚೆಂದ ಕಾಣುವ ಕೆಲವು ಮೀನುಗಳ ಮುಳ್ಳಿನಲ್ಲಿ ವಿಷ ಉಂಟು. ಚಿಪ್ಪು ಹೆಕ್ಕಿ ತರುವುದೂ ಬೇಡ. ಗೋಪ್ರೋ ಕ್ಯಾಮೆರಾ ಕಡೆ ನೋಡಿ ಕೈ ಬೀಸುತ್ತಾ ಇರುವ ಅಲ್ಪ ಸಮಯವನ್ನು ಕಳೆಯಬೇಡಿ, ನಿಮಗೆ ಕೆಳಗೆ ಸಿಗುವುದು ಇಪ್ಪತ್ತು, ಮೂವತ್ತು ನಿಮಿಷ.

ಮೇಲೆ ಬಂದ ಮೇಲೆ ಮೈ ಒರೆಸಿ, ತಲೆಗೆ ಬಟ್ಟೆ ಕಟ್ಟಿ, ನೀರು ಕುಡಿಯಿರಿ. ಕಿವಿಯಲ್ಲಿ ನೀರು ನಿಂತಿದ್ದರೆ ತಲೆ ವಾಲಿಸಿ ಬಿಡಿ, ಕಡ್ಡಿ ಹಾಕಬೇಡಿ. ಕೀಲು ನೋವು, ಕೈಕಾಲು ಜೋಮು, ತಲೆ ಸುತ್ತು, ಇವು ಅದೇ ದಿನ ಅಥವಾ ಮರುದಿನ ಬಂದರೆ ಬಿಸಿಲಿನ ಸುಸ್ತು ಅಂತ ಮಲಗಬೇಡಿ, ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ. ಭಾವ ಎರಡು ದಿನ ಬಿಟ್ಟು ವಿಮಾನ ಹತ್ತಿದ. ಆ ಎರಡು ದಿನ ಅವನ ಮಾತಿನಲ್ಲಿ ಗಿಳಿಮೀನು ಬಿಟ್ಟು ಬೇರೇನೂ ಇರಲಿಲ್ಲ. ಮುಂದಿನ ರಜೆಗೆ ಅತ್ತೆಯೂ ಬೋಟಿನವರೆಗೆ ಬರುತ್ತಾರಂತೆ. ಅವರಿಗೆ ಈಗಲೇ ಬಾಯಲ್ಲಿ ಉಸಿರಾಡುವುದನ್ನು ಹೇಳಿಕೊಡುತ್ತಿದ್ದೇನೆ.