‘ಅರ್ಥ ಆಯ್ತಾ?’ ಎಂದು ಕೇಳದೆ ಪಾಠ ಮಾಡುವುದು ಹೇಗೆ?

ಪಾಠ ಮುಗಿಯುವ ಹೊತ್ತಿಗೆ ಶಿಕ್ಷಕರು “ಅರ್ಥ ಆಯ್ತಾ?” ಎಂದು ಕೇಳುವುದು, ಇಡೀ ತರಗತಿ ಒಂದೇ ರಾಗದಲ್ಲಿ “ಆಯ್ತು ಸಾರ್” ಎನ್ನುವುದು ನಮ್ಮ ಶಾಲೆಗಳಲ್ಲಿ ದಿನವೂ ನಡೆಯುವ ಸಂಗತಿ. ಆ ಉತ್ತರದಿಂದ ಶಿಕ್ಷಕರಿಗೆ ಏನೂ ತಿಳಿಯುವುದಿಲ್ಲ. ಅರ್ಥವಾದ ಮಗು ಹೌದೆನ್ನುತ್ತದೆ, ಅರ್ಥವಾಗದ ಮಗು ಪಕ್ಕದವರ ದನಿಗೆ ದನಿ ಸೇರಿಸುತ್ತದೆ, ತಪ್ಪಾಗಿ ಅರ್ಥ ಮಾಡಿಕೊಂಡ ಮಗು ಕೆಲವೊಮ್ಮೆ ಎಲ್ಲರಿಗಿಂತ ಜೋರಾಗಿ ಕೂಗುತ್ತದೆ. ಆದ್ದರಿಂದ ಈ ಪ್ರಶ್ನೆಯನ್ನು ಬಿಟ್ಟು, ಪ್ರತಿ ಪಾಠಕ್ಕೂ ಒಂದೋ ಎರಡೋ ಖಚಿತವಾದ ಪ್ರಶ್ನೆಗಳನ್ನು ಮೊದಲೇ ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆಯನ್ನು ಆರಿಸುವಾಗ, ಮಕ್ಕಳು ಅದಕ್ಕೆ ಯಾವ ತಪ್ಪು ಉತ್ತರ ಕೊಡಬಹುದು ಎಂಬುದನ್ನೂ ಪಾಠಯೋಜನೆಯಲ್ಲಿ ಬರೆದಿಟ್ಟುಕೊಳ್ಳಿ. ಐದನೇ ತರಗತಿಯ ಭಿನ್ನರಾಶಿಯನ್ನೇ ತೆಗೆದುಕೊಳ್ಳೋಣ. “1/3 ಮತ್ತು 1/4ರಲ್ಲಿ ಯಾವುದು ದೊಡ್ಡದು?” ಎಂದು ಕೇಳಿದರೆ ಏನೂ ತಿಳಿಯದ ಮಗುವೂ ಊಹಿಸಿ ಸರಿಯುತ್ತರ ಹೇಳಿಬಿಡಬಹುದು. ಅದರ ಬದಲು 1/3, 1/2, 1/4 ಈ ಮೂರನ್ನು ಕರಿಹಲಗೆಯ ಮೇಲೆ ಬರೆದು, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಸ್ಲೇಟಿನಲ್ಲಿ ಬರೆಯಲು ಹೇಳಿ. ಎಲ್ಲರೂ ಬರೆದ ಮೇಲೆ ಒಟ್ಟಿಗೆ ಸ್ಲೇಟು ಎತ್ತಿ ಹಿಡಿಯಲಿ. 1/2, 1/3, 1/4 ಎಂಬ ಕ್ರಮ ಕಂಡಲ್ಲೆಲ್ಲ ಮಗು ಛೇದವನ್ನು ಬಿಡಿ ಸಂಖ್ಯೆಯಂತೆ ಓದುತ್ತಿದೆ ಎಂದು ತಿಳಿಯಬಹುದು. ನಲವತ್ತು ಮಕ್ಕಳ ತರಗತಿಯಲ್ಲೂ ಇದಕ್ಕೆ ಎರಡು ಮೂರು ನಿಮಿಷ ಸಾಕು. ಸ್ಲೇಟಿಲ್ಲದಿದ್ದರೆ ರಫ್ ನೋಟ್‌ಬುಕ್ಕಿನ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆಸಬಹುದು.

ಆಮೇಲೆ ಮಾಡುವ ಕೆಲಸದಲ್ಲಿಯೇ ಶಿಕ್ಷಕರ ಕೌಶಲವಿರುವುದು. ತಪ್ಪು ಬರೆದ ಮಗುವಿಗೆ ಸರಿಯುತ್ತರವನ್ನು ಒಡನೆಯೇ ಹೇಳಿಬಿಡಬಾರದು.

“ಯಾಕೆ ಹಾಗೆ ಬರೆದೆ, ಪುಟ್ಟಾ?”

“ನಾಲ್ಕು ದೊಡ್ಡದಲ್ವಾ ಸಾರ್?”

“ಒಂದು ಹೋಳಿಗೇನ ಮೂರು ಜನಕ್ಕೆ ಹಂಚಿದ್ರೆ ನಿನಗೆ ಜಾಸ್ತಿ ಸಿಗುತ್ತೋ, ನಾಲ್ಕು ಜನಕ್ಕೆ ಹಂಚಿದ್ರೋ?”

“ಮೂರು ಜನಕ್ಕೆ.”

ಅನೇಕರು ಇಲ್ಲಿಗೆ ಪಾಠ ಗೆದ್ದಿತೆಂದು ಮುಂದಕ್ಕೆ ಹೋಗುತ್ತಾರೆ. ಆದರೆ ಹೋಳಿಗೆಯ ಲೆಕ್ಕ ಸರಿಯಾಗಿ ಹೇಳಿದ ಮಗುವೇ ಸ್ಲೇಟಿಗೆ ಮರಳಿದಾಗ ಮತ್ತೆ 1/4 ದೊಡ್ಡದೆಂದು ಬರೆಯಬಹುದು, ಏಕೆಂದರೆ ಅದರ ಮನಸ್ಸಿನಲ್ಲಿ ಹೋಳಿಗೆಗೂ ಅಂಕಿಗೂ ಇನ್ನೂ ನಂಟು ಬೆಳೆದಿರುವುದಿಲ್ಲ. ಸಮ ಉದ್ದದ ಮೂರು ಕಾಗದದ ಪಟ್ಟಿಗಳನ್ನು ಕೊಟ್ಟು, ಒಂದನ್ನು ಎರಡು, ಇನ್ನೊಂದನ್ನು ಮೂರು, ಮತ್ತೊಂದನ್ನು ನಾಲ್ಕು ಸಮಭಾಗಗಳಾಗಿ ಮಡಿಸಿ, ಪ್ರತಿ ಭಾಗದ ಮೇಲೂ ಅದರ ಭಿನ್ನರಾಶಿಯನ್ನು ಬರೆದು, ಒಂದರ ಕೆಳಗೊಂದು ಅಂಟಿಸಲು ಹೇಳಿ. ಮೂರು ಭಾಗವಾಗಿ ಮಡಿಸುವುದು ಮಕ್ಕಳಿಗೆ ಕಷ್ಟ. ಅಳತೆಪಟ್ಟಿ ಬಳಸುವಂತೆ 12 ಸೆಂ.ಮೀ. ಉದ್ದದ ಪಟ್ಟಿಗಳನ್ನೇ ಕತ್ತರಿಸಿಟ್ಟರೆ ಗೊಂದಲವಾಗದು.

ಬಾಯಿಮಾತಿನಲ್ಲಿ ಪ್ರಶ್ನೆ ಕೇಳುವಾಗ ಮೊದಲು ಪ್ರಶ್ನೆಯನ್ನು ಇಡೀ ತರಗತಿಗೆ ಹಾಕಿ, ಸುಮ್ಮನಿದ್ದು, ನಂತರವೇ ಹೆಸರು ಕರೆಯಿರಿ. ಹೆಸರನ್ನು ಮೊದಲೇ ಕರೆದರೆ ಉಳಿದವರಿಗೆ ಯೋಚಿಸುವ ಅಗತ್ಯವೇ ಇರುವುದಿಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು ವಿಜ್ಞಾನ ತರಗತಿಗಳನ್ನು ಗಮನಿಸಿ 1974ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಅಥವಾ ಅದಕ್ಕೂ ಹೆಚ್ಚಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರಿಸದೆ ಉಳಿಯುವವರು ಕಡಿಮೆಯಾದರು. ಮೂರು ಸೆಕೆಂಡು ಕೇಳಲು ಅಲ್ಪ, ಆದರೆ ನಿಶ್ಶಬ್ದ ತರಗತಿಯ ಮುಂದೆ ನಿಂತವರಿಗೆ ಅದು ಬಲು ದೀರ್ಘ. ಮನಸ್ಸಿನಲ್ಲೇ ನಿಧಾನವಾಗಿ ಐದರವರೆಗೆ ಎಣಿಸಿಕೊಳ್ಳಿ.

ಈ ದಿನ ಸರಿಯಾಗಿ ಬರೆದದ್ದು ಮುಂದಿನ ವಾರವೂ ನೆನಪಿರುತ್ತದೆ ಎಂದು ನಂಬುವಂತಿಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಠ್ಯವನ್ನು ಮತ್ತೆ ಓದಿದ ಕಾಲೇಜು ವಿದ್ಯಾರ್ಥಿಗಳು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ಮಾತ್ರ, ಮತ್ತೆ ಓದುವ ಬದಲು ನೆನಪಿನಿಂದ ಬರೆದವರು ಹೆಚ್ಚು ಉಳಿಸಿಕೊಂಡಿದ್ದರು. ಅದು ದೊಡ್ಡವರ ಮೇಲೆ ನಡೆದ ಪ್ರಯೋಗವೆಂಬುದು ನಿಜ, ಆದರೂ ತರಗತಿಯಲ್ಲಿ ಪ್ರಯತ್ನಿಸಿ ನೋಡಲು ಯೋಗ್ಯವಾದ ಸಂಗತಿ. ಹಾಜರಿ ಕರೆಯುವ ಹೊತ್ತಿನಲ್ಲಿ ಮೂರು ಪ್ರಶ್ನೆಗಳಿಗೆ ಪುಸ್ತಕ ತೆರೆಯದೆ ಉತ್ತರ ಬರೆಸಿ: ಒಂದು ನಿನ್ನೆಯ ಪಾಠದ್ದು, ಒಂದು ಕಳೆದ ವಾರದ್ದು, ಒಂದು ಕಳೆದ ತಿಂಗಳಿನದು. ಉತ್ತರಗಳನ್ನು ಒಡನೆಯೇ ಚರ್ಚಿಸಿ, ತಪ್ಪನ್ನು ಮಕ್ಕಳೇ ತಿದ್ದಿಕೊಳ್ಳಲಿ.

ಇದಕ್ಕೆ ಅಂಕ ಕೊಡಬೇಡಿ, ಅಂಕವಹಿಯಲ್ಲಿ ದಾಖಲಿಸಲೂಬೇಡಿ. ಅಂಕ ಬಂದೊಡನೆ ಮಕ್ಕಳು ಪಕ್ಕದವರ ಸ್ಲೇಟು ನೋಡತೊಡಗುತ್ತಾರೆ, ಆಗ ಸ್ಲೇಟುಗಳೂ “ಆಯ್ತು ಸಾರ್” ಎಂದೇ ಹೇಳತೊಡಗುತ್ತವೆ.