ಕಾಫಿಪುಡಿ ರೇಟಿನ ಕೆಳಗೆ ಒಂದು ಪದ

ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಸಣ್ಣ ಕಾಫಿಪುಡಿ ಅಂಗಡಿ. ಬಾಗಿಲ ಪಕ್ಕ ಒಂದು ಕರಿಹಲಗೆ ಇದೆ. ಪೀಬೆರಿ (ಹಣ್ಣಿಗೆ ಒಂದೇ ಬೀಜ ಇರುವ ಕಾಫಿ) ಎಷ್ಟು, ಚಿಕೋರಿ ಬೆರೆಸಿದ್ದು ಎಷ್ಟು ಅಂತ ಮೇಲೆ ಬರೆದರೆ ಕೆಳಗಿನ ಅರ್ಧ ಸುಮ್ನೆ ಖಾಲಿ ಉಳಿಯುತ್ತಿತ್ತು. ಅಲ್ಲಿ ವಾರಕ್ಕೊಂದು ಪ್ರಶ್ನೆ ಬರೆಯಲು ಶುರು ಮಾಡಿದೆ. ಪುಸ್ತಕದ ಹುಚ್ಚು, ಇನ್ನೇನು!

ಮೊದಮೊದಲು ‘ಈ ಕಾದಂಬರಿ ಬರೆದವರು ಯಾರು’ ಅನ್ನೋ ಥರದ ಪ್ರಶ್ನೆ ಹಾಕುತ್ತಿದ್ದೆ. ಗೊತ್ತಿದ್ದವರು ಪಟ್ಟಂತ ಉತ್ತರ ಹೇಳಿ ಹೋಗುತ್ತಿದ್ದರು, ಗೊತ್ತಿಲ್ಲದವರು ಹಲಗೆ ಕಾಣದ ಹಾಗೆ ಪುಡಿ ತಗೊಂಡು ಜಾಗ ಖಾಲಿ ಮಾಡುತ್ತಿದ್ದರು. ಮಾತೇ ಹುಟ್ಟುತ್ತಿರಲಿಲ್ಲ. ಒಂದು ಸೋಮವಾರ ಬೇಜಾರಾಗಿ ಒಂದೇ ಪದ ಬರೆದೆ: ‘ಸಂಸ್ಕಾರ’. ಪಕ್ಕದಲ್ಲಿ, ‘ಅಂದರೆ ಏನು?’

ಆ ವಾರ ಅಂಗಡಿಯಲ್ಲಿ ಪುಡಿಗಿಂತ ಮಾತೇ ಜಾಸ್ತಿ ಖರ್ಚಾಯಿತು. ಒಬ್ಬರು ಹೆಣ ಸುಡೋದು ಅಂದರು. ಪುರೋಹಿತರೊಬ್ಬರು ನಾಮಕರಣ, ಉಪನಯನ ಅಂತ ಹದಿನಾರೂ ಎಣಿಸಲು ಹೊರಟು ಹನ್ನೊಂದಕ್ಕೆ ನಿಂತರು. ಮೊಮ್ಮಗನನ್ನು ಕರ್ಕೊಂಡು ಬಂದಿದ್ದ ಅಜ್ಜಿ, ‘ಇವನಿಗೆ ಇಲ್ವಲ್ಲ, ಅದೇ’ ಅಂದರು. ನನ್ನ ತಲೆಗೆ ಹೊಳೆಯದೇ ಇದ್ದ ಅರ್ಥ ಕೊಟ್ಟವರು ತೋಟದಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು. ಹಣ್ಣು ಕುಯ್ದು ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕಿ, ಅಂಟು ಹೋಗುವ ತನಕ ತೊಳೆದು, ಕಣದಲ್ಲಿ ಒಣಗಿಸುತ್ತೇವಲ್ಲ, ಅದಕ್ಕೂ ಕಾಫಿ ಸಂಸ್ಕರಣೆ ಅಂತಾನೇ ಅಲ್ವಾ ಹೇಳೋದು ಅಂತ ಕೇಳಿದರು. ನಾನು ದಿನಾ ಮಾರುವ ಮಾಲಿನ ಒಳಗೇ ಆ ಪದ ಕೂತಿತ್ತು!

ನನ್ನ ಹತ್ತಿರ ಇದ್ದ ಸರಕನ್ನು ಶನಿವಾರ ಬಿಚ್ಚಿದೆ. ಯು.ಆರ್. ಅನಂತಮೂರ್ತಿ ಅವರ ಕಾದಂಬರಿ ‘ಸಂಸ್ಕಾರ’ 1965ರದ್ದು. 1976ರಲ್ಲಿ ಎ.ಕೆ. ರಾಮಾನುಜನ್ ಅದನ್ನು ಇಂಗ್ಲಿಷಿಗೆ ತಂದಾಗ ಹೆಸರನ್ನು ಮುಟ್ಟಲೇ ಇಲ್ಲ, ಹಾಗೇ ಬಿಟ್ಟರು. ಬದಲಿಗೆ ಪುಸ್ತಕದ ಶುರುವಿನಲ್ಲೇ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಿಂದ ಈ ಪದದ ಅರ್ಥಗಳ ಪಟ್ಟಿಯನ್ನೇ ಎತ್ತಿ ಇಟ್ಟರು. ತಿದ್ದಿ ಚೆನ್ನಾಗಿ ಮಾಡುವುದು, ಮನಸ್ಸಿನಲ್ಲಿ ಉಳಿದ ಅಚ್ಚು, ಶುದ್ಧಿ ಎಲ್ಲ ಅದರಲ್ಲಿದೆ. ಅಡುಗೆಯೂ ಇದೆ. ಉತ್ತರಕ್ರಿಯೆ ಬರುವುದು ಕಟ್ಟಕಡೆಗೆ. ಆದರೆ ರಾಮಾನುಜನ್ ಕೊಟ್ಟ ಉಪಶೀರ್ಷಿಕೆ ಸತ್ತವನ ಕ್ರಿಯೆಯನ್ನಷ್ಟೇ ಹೇಳುತ್ತದೆ, ಅದು ನನಗೆ ಅಷ್ಟಾಗಿ ಹಿಡಿಸಿಲ್ಲ. ಯಾಕೆಂದರೆ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಅಂತ ಶುರುವಾಗುವ ಕಥೆಯಲ್ಲಿ ನಿಜಕ್ಕೂ ಬೆಂದು ಬೇರೆಯಾಗುವುದು ಬದುಕಿರುವ ಪಂಡಿತ ಪ್ರಾಣೇಶಾಚಾರ್ಯರು.

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಜೋಶಿನಲ್ಲಿ ‘ಇದರ ಸಿನಿಮಾ ಆಗುಂಬೆಯಲ್ಲಿ ತೆಗೆದದ್ದು’ ಅಂತ ಇನ್ನೊಂದು ಸಾಲು ಸೇರಿಸಿಬಿಟ್ಟೆ. ಶೃಂಗೇರಿ ಕಡೆಯ ಹಿರಿಯರೊಬ್ಬರು ಹಲಗೆ ಮುಂದೆ ನಿಂತು, ಕೊಡೆಯ ತುದಿಯಿಂದ ಆಗುಂಬೆ ಮೇಲೆ ಕುಟ್ಟಿ, ‘ಮಾಲ್ಗುಡಿ ತೆಗೆದದ್ದು ಅಲ್ಲಿ ಕಣಯ್ಯ, ಇದು ನಮ್ಮ ವೈಕುಂಠಪುರದಲ್ಲಿ’ ಅಂದರು. ಹುಡುಕಿ ನೋಡಿದರೆ ಅವರ ಮಾತೇ ಸರಿ. 1970ರ ಆ ಚಿತ್ರ ಶೃಂಗೇರಿ ಹತ್ತಿರದ ವೈಕುಂಠಪುರದ್ದು, ನಮ್ಮದೇ ಜಿಲ್ಲೆ. ನಾಚಿಕೆಯಾಯಿತು, ಆದರೂ ತಪ್ಪನ್ನು ಅಳಿಸಲಿಲ್ಲ. ಅದರ ಮೇಲೆ ಗೀಟು ಎಳೆದು ಪಕ್ಕದಲ್ಲಿ ಸರಿ ಬರೆದೆ. ಅವತ್ತಿನಿಂದ ಎರಡು ಕಡೆ ನೋಡದೆ ಸೀಮೆಸುಣ್ಣ ಹಿಡಿಯುವುದಿಲ್ಲ. ಉತ್ತರವನ್ನೂ ಶನಿವಾರದ ತನಕ ಬಾಯಿ ಬಿಡುವುದಿಲ್ಲ, ಮೊದಲೇ ಹೇಳಿದರೆ ಕಾಫಿ ಸಂಸ್ಕರಣೆಯಂಥದ್ದು ಯಾರ ಬಾಯಿಂದಲೂ ಬರುವುದಿಲ್ಲ.

ಈ ವಾರ ಮೂಡಿಗೆರೆಯ ತೇಜಸ್ವಿ ಅವರ ಕಾದಂಬರಿಯ ಹೆಸರು ‘ಚಿದಂಬರ ರಹಸ್ಯ’ ಹಾಕಿದ್ದೇನೆ. ಚಿದಂಬರದ ಗುಡಿಯಲ್ಲಿ ಪರದೆ ಸರಿಸಿದರೆ ವಿಗ್ರಹ ಇರುವುದಿಲ್ಲ, ಚಿನ್ನದ ಬಿಲ್ವಪತ್ರೆಯ ಸರಗಳು ತೂಗುತ್ತಿರುತ್ತವೆ, ಹಿಂದೆ ಬರೀ ಬಯಲು. ಆಡುಮಾತಿನಲ್ಲಿ ಮಾತ್ರ ಅದು ಬಗೆಹರಿಯದ ಗುಟ್ಟು. ಇದನ್ನೆಲ್ಲ ಶನಿವಾರಕ್ಕೆ ಅಂತ ಇಟ್ಟುಕೊಂಡಿದ್ದೆ. ನಿನ್ನೆ ಒಬ್ಬರು ಹಲಗೆಯನ್ನು ಕೆಳಗಿಂದ ಮೇಲಕ್ಕೆ ಓದಿ, ಪೀಬೆರಿ ರೇಟಿನ ಹತ್ತಿರ ಬಂದು ನಿಂತರು.

‘ಇದು ಯಾಕೆ ಹಿಂಗೆ ಏರ್ತಿದೆ ಅನ್ನೋದಲ್ವಾ?’