ಖಾಲಿ ಉತ್ತರದ ಅರ್ಥವನ್ನೂ ದಾಖಲೆಯಲ್ಲಿ ಬರೆದಿಡಿ

ದೂರದ ಸರ್ವರ್‌ಗಳ ಮೇಲೆ ಕಣ್ಣಿಡುವ ಉಪಕರಣಗಳನ್ನು ಎಐ ಏಜೆಂಟ್‌ಗಳಿಗೆ (ಉಪಕರಣಗಳನ್ನು ತಾವೇ ಓಡಿಸಿ ಕೆಲಸ ಮಾಡುವ ಎಐ ವ್ಯವಸ್ಥೆಗಳಿಗೆ) ಒಪ್ಪಿಸುವ ಮಂಗಳೂರು, ಉಡುಪಿಯ ಗೆಳೆಯರು, ಪ್ರತಿ ಉಪಕರಣದ ವಿವರಣೆಯಲ್ಲಿ ಅದು ಏನು ಮಾಡುತ್ತದೆ ಎಂಬುದರ ಜೊತೆಗೆ, ಅದು ಏನನ್ನೂ ಮುದ್ರಿಸದಿದ್ದರೆ ಹೇಗೆ ಅರ್ಥೈಸಬೇಕು ಮತ್ತು ಯಾವ ಎಕ್ಸಿಟ್ ಕೋಡ್ (ಕಮಾಂಡ್ ಮುಗಿದಾಗ ಮರಳಿಸುವ ಅಂಕಿ) ಏನನ್ನು ಸೂಚಿಸುತ್ತದೆ ಎಂಬುದನ್ನೂ ಬರೆದಿಡುವುದು ಒಳ್ಳೆಯದು. ಸರ್ವರ್‌ನ ಘಟನೆಗಳನ್ನು ಬರೆದಿಡುವ ಲಾಗ್‌ನಲ್ಲಿ ದೋಷವೇ ಇಲ್ಲದಿದ್ದಾಗಲೂ, ಜಡಿಮಳೆಯಲ್ಲಿ ಬೈಕಂಪಾಡಿಯ ಶಾಖೆಯ ಸಂಪರ್ಕ ಕಡಿದುಹೋದಾಗಲೂ, ದೋಷಸಂದೇಶಗಳನ್ನು ಪ್ರತ್ಯೇಕವಾಗಿ ಹಿಡಿದಿಡದ ಏರ್ಪಾಡಿನಲ್ಲಿ ಏಜೆಂಟ್‌ಗೆ ಸಿಗುವುದು ಒಂದೇ ಬಗೆಯ ಖಾಲಿ ಉತ್ತರ. ಅದನ್ನು ನೋಡಿ ಏಜೆಂಟ್ ಎಲ್ಲವೂ ಸರಿಯಿದೆಯೆಂದು ವರದಿ ಮಾಡಿಬಿಡಬಹುದು. ಪಠ್ಯದಲ್ಲಿ ಪದ ಹುಡುಕುವ ಕಮಾಂಡ್ ಆದ ಗ್ರೆಪ್, ಹುಡುಕಿದ್ದು ಸಿಕ್ಕರೆ 0, ಸಿಗದಿದ್ದರೆ 1, ತಾನೇ ಎಡವಿದರೆ 2 ಕೊಡುತ್ತದೆ. ದೂರದ ಸರ್ವರ್‌ನಲ್ಲಿ ಕಮಾಂಡ್ ಓಡಿಸಲು ಬಳಸುವ ಎಸ್‌ಎಸ್‌ಎಚ್, ಆ ಕಮಾಂಡ್‌ನ ಕೋಡನ್ನೇ ಮರಳಿಸುತ್ತದೆ, ಸಂಪರ್ಕವೇ ಸಾಧ್ಯವಾಗದಿದ್ದರೆ 255 ಕೊಡುತ್ತದೆ. ಹೀಗಾಗಿ ಎಸ್‌ಎಸ್‌ಎಚ್ ಮೂಲಕ ಗ್ರೆಪ್‌ನಿಂದ ಲಾಗ್‌ನಲ್ಲಿ ದೋಷ ಹುಡುಕುವ ಉಪಕರಣಕ್ಕೆ ‘1 ಬಂದರೆ ದೋಷ ಕಂಡಿಲ್ಲ, 255 ಬಂದರೆ ಸರ್ವರ್‌ನ ಸ್ಥಿತಿ ತಿಳಿದಿಲ್ಲ, ಊಹಿಸದೆ ಮನುಷ್ಯರಿಗೆ ತಿಳಿಸು’ ಎಂಬ ಒಂದು ಸಾಲು, ಉಪಕರಣದ ಗುಣಗಾನ ಮಾಡುವ ಇಡೀ ಪುಟಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಅಳತೆಯ ಘಟಕವನ್ನೂ ಅಲ್ಲೇ ಸೇರಿಸಿ: ಸರ್ವರ್‌ನ ಕೆಲಸದ ಹೊರೆಯನ್ನು ತೋರಿಸುವ ಲೋಡ್ ಆವರೇಜ್ ಶೇಕಡಾವಾರು ಅಲ್ಲ, ಪ್ರೊಸೆಸರ್ ಕೋರ್‌ಗಳ ಸಂಖ್ಯೆ ಗೊತ್ತಿಲ್ಲದೆ 4 ಎಂಬ ಅಂಕಿಗೆ ಅರ್ಥವಿಲ್ಲ. (ಲಾಗ್‌ನ ಸಮಯ ಜಾಗತಿಕ ಪ್ರಮಾಣಿತ ಸಮಯವಾದ ಯುಟಿಸಿಯೋ, ಅದಕ್ಕಿಂತ ಐದೂವರೆ ಗಂಟೆ ಮುಂದಿರುವ ನಮ್ಮ ಸಮಯವೋ ಎಂಬುದೂ ಇರಲಿ.) ಆದರೆ ಒಂದು ಕಮಾಂಡ್‌ನ ಉತ್ತರ ಮುಂದಿನದಕ್ಕೆ ಹೋಗುವಂತೆ ಅವುಗಳನ್ನು ಪೈಪ್‌ನಿಂದ ಜೋಡಿಸಿದ್ದರೆ ಈ ಉಪಾಯ ಕೈಕೊಡುತ್ತದೆ, ಏಕೆಂದರೆ ಕಮಾಂಡ್‌ಗಳನ್ನು ಓಡಿಸುವ ಬ್ಯಾಶ್ ಸಾಮಾನ್ಯವಾಗಿ ಕೊನೆಯ ಕಮಾಂಡ್‌ನ ಕೋಡನ್ನು ಮಾತ್ರ ಮರಳಿಸುತ್ತದೆ, ಪೈಪ್‌ಫೇಲ್ ಆಯ್ಕೆಯನ್ನು ಹಾಕಿದರೆ ನಡುವಿನ ವೈಫಲ್ಯವೂ ಹೊರಬೀಳುತ್ತದೆ. ಉತ್ತರವೇ ಬಾರದೆ ಸರ್ವರ್ ಸ್ತಬ್ಧವಾದಾಗಲಂತೂ ಯಾವ ಕೋಡೂ ಸಿಗುವುದಿಲ್ಲವಾದ್ದರಿಂದ, ಕಾಲಮಿತಿಯನ್ನು ದಾಖಲೆಯಲ್ಲಿ ಬರೆದರೆ ಸಾಲದು, ಉಪಕರಣದೊಳಗೇ ಅಳವಡಿಸಬೇಕು.